ಕಾರ್ಡು ಕೊಟ್ಟವ್ರೆ, ಕಾನೂನು ಕೊಟ್ಟಿಲ್ಲ

ಈ ಸಲ ಉಪ್ಪಿನಕಾಯಿ ಮಾತೂ ಇಲ್ಲ, ಬಸ್ಸಾರಿನ ಮಾತೂ ಇಲ್ಲ. ಮಿಲ್ಟ್ರಿ ಕಾರ್ಡಿನ ಮಾತು. ಮುಳಬಾಗಿಲಿಂದ ಮಾಲೂರಿನವರೆಗೂ ನೋಡಿ, ಸ್ವಲ್ಪ ದೊಡ್ಡ ಊರಾದ್ರೆ "ಮಿಲ್ಟ್ರಿಯೋರ ಮನೆ" ಅನ್ನೋದು ಒಂದಾದ್ರೂ ಇರ್ತದೆ. ಗಂಡಸರು ಹದಿನೈದೋ ಇಪ್ಪತ್ತೋ ವರ್ಷ ದುಡಿದು ಬಂದು, ಬ್ಯಾಂಕಿನ ಬಾಗಿಲಲ್ಲಿ ಸೆಕ್ಯುರಿಟಿ ಆಗಿಯೋ, ಹಸು ಕಟ್ಟಿ ಡೈರಿಗೆ ಹಾಲು ಹಾಕ್ಕೊಂಡೋ, ಮಾವಿನ ತೋಟ ನೋಡ್ಕೊಂಡೋ ಇರ್ತಾರೆ. ಹೆಂಗಸರ ಬೀರುವಿನಲ್ಲಿ ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಕವರು ಇರ್ತದೆ. ಅದರಲ್ಲಿ ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ, ಇಸಿಎಚ್‌ಎಸ್ ಕಾರ್ಡು. ಮನೇಲಿ ಯಾರಾದ್ರೂ ಎದೆ ಹಿಡ್ಕೊಂಡು ಕೂತ್ರೆ ಮೊದಲು ಹುಡುಕೋದು ಆ ಕವರನ್ನೇ.

ನಾನು ಹೇಳಬೇಕು ಅಂತಿರೋದು ಇಷ್ಟೇ. ಆ ಕಾರ್ಡಿನ ಹಿಂದೆ ಇರೋದು ಒಂದು ಸರ್ಕಾರಿ ಆದೇಶ. ಪಾರ್ಲಿಮೆಂಟಿನಲ್ಲಿ ಕೂತು ಮಾಡಿದ ಕಾಯ್ದೆ ಅಲ್ಲ. ಕಾಯ್ದೆ ಆಗಬೇಕು, ಅದರಲ್ಲಿ ಸಿಪಾಯಿಯ ಜೊತೆ ಅವನ ಮನೆಯವಳ ಹೆಸರೂ ಇರಬೇಕು. "ಅದೆಲ್ಲ ಗಂಡಸರು, ಸಂಘದೋರು ನೋಡ್ಕೊಳ್ತಾರೆ ಬಿಡಮ್ಮ" ಅಂತ ಸುಮ್ಮನಾಗಬೇಡಿ. ಮಾತ್ರೆ ಲೆಕ್ಕ ಇಡೋದು, ಬಸ್ಸಿನಲ್ಲಿ ಕೈ ಹಿಡ್ಕೊಂಡು ಕರ್ಕೊಂಡು ಹೋಗೋದು, ಆಸ್ಪತ್ರೆ ಮೆಟ್ಟಿಲ ಮೇಲೆ ರಾತ್ರಿ ಕಳೆಯೋದು ನಾವು. ಹಂಗಾದ್ರೆ ಮಾತಾಡಬೇಕಾದೋರೂ ನಾವೇ.

ಮೊದಲು ಇರೋದನ್ನ ಇದ್ದಂಗೆ ಹೇಳ್ತೀನಿ, ಯಾಕಂದ್ರೆ ಆ ಯೋಜನೆ ಕೆಟ್ಟದ್ದು ಅನ್ನೋದು ನನ್ನ ಮಾತಲ್ಲ. ಇಸಿಎಚ್‌ಎಸ್ ಅಂದ್ರೆ ಮಾಜಿ ಸೈನಿಕರು ತಮ್ಮದೂ ಒಂದು ಪಾಲು ಕಟ್ಟಿ ಸೇರೋ ಆರೋಗ್ಯ ಯೋಜನೆ. 2002ರ ಡಿಸೆಂಬರ್ 30ರಂದು ಆದೇಶ ಆಯ್ತು, 2003ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ಪಿಂಚಣಿದಾರರಿಗೆ ಕಾಯಿಲೆ ಬಂದ್ರೆ ದೂರದ ಮಿಲ್ಟ್ರಿ ಆಸ್ಪತ್ರೆಯಲ್ಲಿ ಜಾಗ ಇದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಇಲ್ಲಿಂದ ಬೆಂಗಳೂರಿನ ಏರ್ ಫೋರ್ಸ್ ಕಮಾಂಡ್ ಆಸ್ಪತ್ರೆಗೆ ಹೋಗಿ ಬರೋದು ಆಗ ಎಷ್ಟು ಜನಕ್ಕೆ ಆಗ್ತಿತ್ತು? ಈಗ ಒಂದು ಸಲ ದುಡ್ಡು ಕಟ್ಟಿದ್ರೆ ಗಂಡ ಹೆಂಡತಿ ಬದುಕಿರೋವರೆಗೂ ಆಯ್ತು. 2017ರ ಡಿಸೆಂಬರಿನಿಂದ ಆ ದರ ಹವಾಲ್ದಾರ್ ದರ್ಜೆಯವರೆಗೆ 30,000 ರೂಪಾಯಿ, ಸುಬೇದಾರ್ ದರ್ಜೆಯೋರಿಗೆ 67,000, ಆಫೀಸರುಗಳಿಗೆ 1,20,000. 1996ಕ್ಕೆ ಮುಂಚೆ ರಿಟೈರಾದೋರು, ಯುದ್ಧದಲ್ಲಿ ಗಂಡನನ್ನ ಕಳ್ಕೊಂಡೋರು ಕಟ್ಟೋ ಹಾಗೇ ಇಲ್ಲ. ವಯಸ್ಸಿನ ಮಿತಿ ಇಲ್ಲ, "ಈ ಕಾಯಿಲೆ ಮೊದಲೇ ಇತ್ತು" ಅನ್ನೋ ತಕರಾರು ಇಲ್ಲ, ಇಷ್ಟು ಲಕ್ಷ ಆದಮೇಲೆ ಇಲ್ಲ ಅನ್ನೋ ಗೆರೆಯೂ ಇಲ್ಲ. ಹೆಂಡತಿ, ಮದುವೆ ಆಗದ ಮಗಳು, 25 ವರ್ಷದೊಳಗಿನ ದುಡಿಯದ ಮಗ, ಕಡಿಮೆ ವರಮಾನದ ಅಪ್ಪ ಅಮ್ಮ, ಗಂಡ ಸತ್ತು ಅಥವಾ ಬಿಟ್ಟು ತವರಿಗೆ ಬಂದ ಮಗಳು, ಎಲ್ಲರಿಗೂ ಜಾಗ ಅದೆ. ದೇಶದಲ್ಲಿ ನಾನೂರಕ್ಕೂ ಹೆಚ್ಚು ಪಾಲಿಕ್ಲಿನಿಕ್ ಅವೆ. ಇಂಥದ್ದು ಹೊರಗೆ ಇನ್ಶೂರೆನ್ಸ್ ಕಂಪನಿ ಹತ್ರ ಕೇಳಿ, ಅರವತ್ತು ದಾಟಿದ ಸಕ್ಕರೆ ಕಾಯಿಲೆಯೋರಿಗೆ ಎಷ್ಟು ಹೇಳ್ತಾರೆ ಅಂತ.

ಹಂಗಿದ್ಮೇಲೆ ಇನ್ನೇನು ಬೇಕು ಅಂತೀರಾ?

ನರಸಾಪುರದ ಫ್ಯಾಕ್ಟ್ರಿಗೆ ಬೆಳಿಗ್ಗೆ ಕತ್ತಲಲ್ಲೇ ಬಸ್ಸು ಹತ್ತೋ ನಮ್ಮ ಹುಡುಗೀರನ್ನ ನೆನೆಸ್ಕೊಳ್ಳಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋ ಹುಡುಗಿಗೆ ಇಎಸ್‌ಐ ಇರ್ತದೆ. ಅವಳ ಸಂಬಳದಿಂದ ನೂರಕ್ಕೆ 75 ಪೈಸೆ, ಕಂಪನಿಯಿಂದ ನೂರಕ್ಕೆ ಮೂರೂಕಾಲು ರೂಪಾಯಿ ಹೋಗ್ತದೆ. ಆ ಇಎಸ್‌ಐ ಹುಟ್ಟಿದ್ದೇ 1948ರ ಕಾಯ್ದೆಯಿಂದ. ಅವಳಿಗೆ ಬರಬೇಕಾದ್ದು ಬರಲಿಲ್ಲ ಅಂದ್ರೆ ಕೇಳೋಕೆ ಅದಕ್ಕಂತಲೇ ಒಂದು ಕೋರ್ಟು ಅದೆ. ಯಾವ ಆಫೀಸರೂ ಒಂದು ಪತ್ರ ಬರೆದು ಆ ಹಕ್ಕನ್ನ ಅಳಿಸೋಕಾಗಲ್ಲ. ಇಎಸ್‌ಐ ಸಾಲು ನಾವು ನೋಡಿಲ್ಲವಾ, ಅಲ್ಲೂ ಕಾಯ್ತಾರೆ, ಅಲ್ಲೂ ಬೈಸ್ಕೊಳ್ತಾರೆ. ಆದ್ರೂ ಕಾಯ್ತಾ ಇರೋದು ತಂದು ಕಾಯ್ತಾಳೆ, ಬೇಡಿ ತಗೊಳ್ಳಲ್ಲ. ಅದೇ ಹುಡುಗಿಯ ಅಪ್ಪ ಮಿಲ್ಟ್ರಿಯಲ್ಲಿ ಇದ್ದು ಬಂದೋನಾದ್ರೆ, ಅವನ ಕಾರ್ಡಿಗೆ ಇಂಥ ಕಾಯ್ದೆ ಇಲ್ಲ. ಕಟ್ಟೋ ದುಡ್ಡು ಬದಲಾಗಿದ್ದು ಪತ್ರದಿಂದ. 2019ರ ಮಾರ್ಚಿನಲ್ಲಿ ಎರಡನೇ ಮಹಾಯುದ್ಧದ ಹಿರಿಯರನ್ನ, ಪಿಂಚಣಿ ಇಲ್ಲದ ಅಲ್ಪಾವಧಿ ಆಫೀಸರುಗಳನ್ನ ಒಳಗೆ ಸೇರಿಸಿದ್ದೂ ಆದೇಶದಿಂದ. ಸೇರಿಸಿದ್ದು ಒಳ್ಳೇದೇ ಆಯ್ತು. ಆದ್ರೆ ಯಾವ ಪೆನ್ನು ಸೇರಿಸ್ತದೋ ಅದೇ ಪೆನ್ನು ಹೊಡೆದೂ ಹಾಕಬಹುದು.

ಆದೇಶ ಎಂಗೆ ಮಾಯ ಆಗ್ತದೆ ಅಂತ ನಮ್ಮ ಜಿಲ್ಲೆಯೋರಿಗೆ ಹೊಸದಾಗಿ ಹೇಳಬೇಕಾ? ಕೆಜಿಎಫ್‌ನ ಕಂಪನಿ ಆಸ್ಪತ್ರೆ ನೆನೆಸ್ಕೊಳ್ಳಿ. ಗಣಿಯೋರ ಮನೇಲಿ ಹುಟ್ಟಿದ ಕೂಸಿಂದ ಹಿಡಿದು ಎದೇಲಿ ಧೂಳು ತುಂಬಿದ ತಾತನವರೆಗೂ ಅದೇ ಆಸ್ಪತ್ರೆ. 2001ರಲ್ಲಿ ಗಣಿ ಮುಚ್ಚಿತು, ಆಸ್ಪತ್ರೆಗೂ ಬೀಗ ಬಿತ್ತು. ಧೂಳು ಮಾತ್ರ ಎದೇಲೇ ಉಳೀತು. ಇಪ್ಪತ್ತು ವರ್ಷ ಆದಮೇಲೆ, 2021ರಲ್ಲಿ ಕೊರೊನಾ ಹೊತ್ತಿಗೆ ಊರಿನ ಜನ ಸೇರಿ ಆ ಆಸ್ಪತ್ರೆ ಕಸ ಗುಡಿಸಿ ಹಾಸಿಗೆ ಹಾಕಿದ್ರು. ಕಂಪನಿ ಇರೋವರೆಗೆ ಕೊಟ್ಟಿದ್ದು ದೊಡ್ಡ ಉಪಕಾರವೇ ಇರಬಹುದು. ಆದ್ರೆ ಉಪಕಾರಕ್ಕೆ ಕೊನೆ ದಿನ ಅಂತ ಒಂದು ಬರ್ತದೆ. ಕೆಲಸ ಮಾಡಿ ತಂದ ಕಾಯಿಲೆಗೆ ಅಂಥ ಕೊನೆ ದಿನ ಇಲ್ಲ.

ಈಗ ಅಗ್ನಿವೀರರ ಮಾತಿಗೆ ಬರ್ತೀನಿ. ಈ ಬರಹ ಬರೆಯೋಕೆ ಕೂತಿದ್ದೇ ಅದಕ್ಕೆ. 2022ರ ಜೂನ್ 14ರಂದು ಅಗ್ನಿಪಥ ಅಂತ ಯೋಜನೆ ಬಂತು. ನಮ್ಮ ಕಡೆ ಹುಡುಗರು ಬೆಳಗಿನ ಜಾವ ಕೆರೆ ಏರಿ ಮೇಲೆ ಓಡೋದು ಈಗಲೂ ನೋಡ್ತೀವಿ, ಅಮ್ಮಂದಿರು ರಾಗಿ ಗಂಜಿ ಕಾಯಿಸಿ ಇಟ್ಕೊಂಡು ಕಾಯೋದೂ ನೋಡ್ತೀವಿ. ಆ ಹುಡುಗರು ಈಗ ಸೇರೋದು ನಾಲ್ಕು ವರ್ಷಕ್ಕೆ. ನಾಲ್ಕು ವರ್ಷ ಆದಮೇಲೆ ನೂರಕ್ಕೆ 25 ಜನರವರೆಗೆ ಉಳಿಸ್ಕೊಳ್ತಾರೆ, ಉಳಿದೋರು ಮನೆಗೆ. ಬರೋವಾಗ ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ಬರ್ತದೆ, ಅದರಲ್ಲಿ ಅರ್ಧ ಅವರದೇ ಸಂಬಳದಿಂದ ಹಿಡಿದಿಟ್ಟಿದ್ದು. ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನೋ ಹೆಸರಿಲ್ಲ, ಕ್ಯಾಂಟೀನ್ ಇಲ್ಲ, ಇಸಿಎಚ್‌ಎಸ್ ಇಲ್ಲ. ಮೊದಲ ತಂಡ ತರಬೇತಿಗೆ ಹೋಗಿದ್ದು 2023ರ ಜನವರಿ ಹೊತ್ತಿಗೆ. ಬೆರಳೆಣಿಸಿ, 2026ರ ಕೊನೆ, 2027ರ ಶುರುವಿಗೆ ಅವರು ಮನೆ ಬಾಗಿಲಿಗೆ ಬರ್ತಾರೆ.

ಸೇವೆಯಲ್ಲಿದ್ದಾಗ ಕೈಯೋ ಕಾಲೋ ಹೋದ್ರೆ ಒಂದು ಸಲದ ಪರಿಹಾರ ಅದೆ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ 44 ಲಕ್ಷ, 75 ಆದ್ರೆ 25 ಲಕ್ಷ, 50 ಆದ್ರೆ 15 ಲಕ್ಷ. ಕೇಳೋಕೆ ದೊಡ್ಡ ಮೊತ್ತ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಇನ್ನು ಐವತ್ತು ವರ್ಷ ಬದುಕು ಅದೆ ಅಂತ ಇಟ್ಕೊಂಡು ಲೆಕ್ಕ ಹಾಕಿ ನೋಡಿ. 15 ಲಕ್ಷ ಅಂದ್ರೆ ವರ್ಷಕ್ಕೆ 30,000, ತಿಂಗಳಿಗೆ 2,500. ನಮ್ಮ ಬೀದಿಯ ಸಕ್ಕರೆ, ಬಿಪಿ ಮಾತ್ರೆ ಖರ್ಚೇ ಎಷ್ಟಾಗ್ತದೆ ಅಂತ ನಿಮಗೆ ಗೊತ್ತು. ಇನ್ನು ಕಣ್ಣಿಗೆ ಕಾಣದ ನೋವಿನ ಕಥೆ ಬೇರೆ. ಹಿಮದಲ್ಲಿ ನಿಂತು ನಿಂತು ಮಂಡಿ ಹೋಗಿದ್ದು, ಗುಂಡಿನ ಸದ್ದಿಗೆ ಕಿವಿ ಮಂದ ಆಗಿದ್ದು, ರಾತ್ರಿ ನಿದ್ದೆಯಿಂದ ಎದ್ದು ಕೂರೋದು. ಇವು ನಾಲ್ಕನೇ ವರ್ಷಕ್ಕೆ ಕಾಣದೆ ಹತ್ತನೇ ವರ್ಷಕ್ಕೆ ಕಾಣಿಸ್ಕೊಂಡ್ರೆ ಯಾರ ಹತ್ರ ಹೋಗಬೇಕು? ಅಷ್ಟರಲ್ಲಿ ಅವನಿಗೆ ಹೆಣ್ಣು ಕೊಟ್ಟಿರ್ತೀವಿ. ಆ ಹೆಣ್ಣು ನಮ್ಮ ಮನೆ ಹೆಣ್ಣೇ ಆಗಿರ್ತಾಳೆ.

ಅಮೆರಿಕದಲ್ಲಿ ಇದೇ ಪ್ರಶ್ನೆಗೆ 2022ರ ಆಗಸ್ಟ್ 10ರಂದು ಒಂದು ಕಾಯ್ದೆ ಆಯ್ತು, ಪ್ಯಾಕ್ಟ್ ಆಕ್ಟ್ ಅಂತಾರೆ. ಇರಾಕು, ಅಫ್ಘಾನಿಸ್ತಾನದ ಕ್ಯಾಂಪುಗಳಲ್ಲಿ ಕಸ, ಪ್ಲಾಸ್ಟಿಕ್ಕು, ಔಷಧಿ ಎಲ್ಲ ಗುಂಡಿಗೆ ಹಾಕಿ ಸುಡ್ತಿದ್ರು. ಆ ಹೊಗೆ ಕುಡಿದ ಸೈನಿಕರಿಗೆ ಎಷ್ಟೋ ವರ್ಷ ಆದಮೇಲೆ ಉಸಿರಾಟದ ಕಾಯಿಲೆ, ಕ್ಯಾನ್ಸರ್ ಬಂತು. "ಹೊಗೆಯಿಂದಲೇ ಬಂತು ಅಂತ ನೀನೇ ಸಾಬೀತು ಮಾಡು" ಅಂತಿದ್ರು ಮುಂಚೆ. ಕಾಯ್ದೆ ಬಂದಮೇಲೆ, ಇಪ್ಪತ್ತಕ್ಕೂ ಹೆಚ್ಚು ಕಾಯಿಲೆಗಳಿಗೆ, ಆ ಜಾಗದಲ್ಲಿ ಕೆಲಸ ಮಾಡಿದ್ದ ಅನ್ನೋದೇ ಸಾಕು ಅಂತ ಆಯ್ತು. ನಮ್ಮಲ್ಲೂ 2013ರಲ್ಲಿ ಸುಪ್ರೀಂ ಕೋರ್ಟು ಧರ್ಮವೀರ್ ಸಿಂಗ್ ಅನ್ನೋರ ಪಿಂಚಣಿ ಕೇಸಿನಲ್ಲಿ ಇದೇ ದಾರಿಯ ಮಾತು ಹೇಳ್ತು. ಸೇರೋವಾಗ ಗಟ್ಟಿಮುಟ್ಟಾಗಿದ್ದ, ಕಾಯಿಲೆ ಇದೆ ಅಂತ ಆಗ ಬರೆದಿರಲಿಲ್ಲ ಅಂದ್ರೆ, ಆಮೇಲೆ ಬಂದಿದ್ದು ಸೇವೆಯಿಂದ ಬಂತು ಅಂತ ಹಿಡೀಬೇಕು ಅಂತ. ಕೋರ್ಟಿನವರೆಗೂ ಹೋದೋರಿಗೆ ಆ ತೀರ್ಪು ಸಿಕ್ತು. ಹೋಗಲಾರದೋರಿಗೂ ಸಿಗಬೇಕು ಅಂದ್ರೆ ಅದನ್ನ ಕಾಯ್ದೆಯೊಳಗೇ ಬರೀಬೇಕು.

ಇನ್ನು ನೋಡ್ಕೊಳ್ಳೋಳ ವಿಷಯ. ನಮ್ಮ ಕಾಗದಗಳಲ್ಲಿ ಹೆಂಡತಿ ಅಂದ್ರೆ ಅವಲಂಬಿತೆ. ಆ ಮಾತು ಓದಿದಾಗೆಲ್ಲ ನನಗೆ ನಗು ಬರ್ತದೆ. ಪಾರ್ಶ್ವವಾಯು ಹೊಡೆದ ಗಂಡನನ್ನ ದಿನಕ್ಕೆ ನಾಲ್ಕು ಸಲ ಮಗ್ಗುಲು ತಿರುಗಿಸಿ, ಸ್ನಾನ ಮಾಡಿಸಿ, ಮುದ್ದೆ ನುಂಗೋಕಾಗದೆ ಅಂಬಲಿ ಮಾಡಿ ಕುಡಿಸಿ, ಮಧ್ಯದಲ್ಲಿ ಹಸುವಿಗೂ ಹುಲ್ಲು ಹಾಕೋ ಹೆಂಗಸು ಯಾರ ಮೇಲೆ ಅವಲಂಬಿಸವ್ಳೆ? ಅವನೇ ಅವಳನ್ನ ನೆಚ್ಕೊಂಡವ್ನೆ. ಸರ್ಕಾರವೂ ಅವಳನ್ನೇ ನೆಚ್ಕೊಂಡದೆ. ಅವಳು ಒಂದು ದಿನ ಸೊಂಟ ಹಿಡ್ಕೊಂಡು ಮಲಗಿದ್ರೆ ಆಸ್ಪತ್ರೇಲಿ ಎರಡು ಮಂಚ ಬೇಕಾಗ್ತದೆ. ನೂರಕ್ಕೆ ನೂರು ಅಂಗವಿಕಲ ಅಂತ ತೀರ್ಮಾನ ಆದೋರಿಗೆ, ಸದಾ ಒಬ್ಬರು ಜೊತೆಗಿರಬೇಕು ಅಂತ ಮೆಡಿಕಲ್ ಬೋರ್ಡ್ ಹೇಳಿದ್ರೆ, ಪಿಂಚಣಿ ಜೊತೆ ಒಂದು ಭತ್ಯೆ ಕೊಡ್ತಾರೆ. ಉಳಿದೋರ ಮನೇಲಿ ಆ ಕೆಲಸಕ್ಕೆ ಹೆಸರೇ ಇಲ್ಲ.

ಅಮೆರಿಕದೋರು 2010ರ ಮೇ ತಿಂಗಳಲ್ಲೇ ಇದಕ್ಕೂ ಕಾಯ್ದೆ ಮಾಡಿದ್ರು. ಮನೇಲಿ ಸೈನಿಕನನ್ನ ನೋಡ್ಕೊಳ್ಳೋ ಹೆಂಡತಿಗೋ ಅಮ್ಮನಿಗೋ ತಿಂಗಳಿಗೆ ಒಂದು ಮೊತ್ತ, ತರಬೇತಿ, ಅವಳಿಗೆ ಬೇರೆ ಇನ್ಶೂರೆನ್ಸ್ ಇಲ್ಲದಿದ್ರೆ ಅವಳ ಆರೋಗ್ಯದ ಖರ್ಚು, ನಡುನಡುವೆ ಅವಳಿಗೆ ವಿಶ್ರಾಂತಿ ಸಿಗೋ ಹಂಗೆ ಬದಲಿ ಜನ. ಮೊದಲು 2001ರ ಸೆಪ್ಟೆಂಬರ್ 11ರಿಂದ ಈಚೆಗೆ ಗಾಯಗೊಂಡೋರ ಮನೆಯೋರಿಗೆ ಮಾತ್ರ ಇತ್ತು. "ನಮ್ಮ ಗಂಡಸರು ವಿಯೆಟ್ನಾಮಿಗೆ ಹೋಗಿ ಬಂದೋರು, ನಾವು ಮಾಡಿದ್ದು ಸೇವೆ ಅಲ್ಲವಾ" ಅಂತ ಮಿಕ್ಕೋರು ಕೇಳಿದ್ರು. 2018ರ ಕಾಯ್ದೆಯಿಂದ ಅವರಿಗೂ ಬಾಗಿಲು ತೆರೀತು. ಅವರ ದೇಶದ ದುಡ್ಡು ಬೇರೆ, ನಮ್ಮದು ಬೇರೆ, ಒಪ್ತೀನಿ. ನಾನು ಆ ಮೊತ್ತ ಕೇಳ್ತಿಲ್ಲ. ನೋಡ್ಕೊಳ್ಳೋದು ಒಂದು ಕೆಲಸ ಅಂತ ಕಾನೂನಿನ ಪುಸ್ತಕದಲ್ಲಿ ಒಂದು ಸಾಲು ಬರೀಲಿ ಅಂತ ಕೇಳ್ತಿದೀನಿ. ತಾಲ್ಲೂಕು ಆಸ್ಪತ್ರೆ ನರ್ಸಮ್ಮ ತಿಂಗಳಿಗೆ ಎರಡು ಸಲ ಮನೆಗೆ ಬಂದು ಬೆನ್ನು ಹುಣ್ಣು ನೋಡಿ, ಟ್ಯೂಬು ಬದಲಾಯಿಸೋದು ಹೇಳ್ಕೊಟ್ರೂ ನಮಗೆ ದೊಡ್ಡದು.

ದೂರದ ಮಾತೂ ಅದೆ. ಯೋಜನೆ ಕಾಗದದಲ್ಲಿ ಮನೆ ಬಾಗಿಲಲ್ಲೇ ಇದ್ದಂಗೆ ಕಾಣ್ತದೆ. ಮುಳಬಾಗಿಲು ತಾಲ್ಲೂಕಿನ ಆಂಧ್ರ ಗಡಿಯ ಹಳ್ಳಿಯಿಂದ ಪಾಲಿಕ್ಲಿನಿಕ್ಕಿಗೆ ಹೊರಟ ಅಜ್ಜಿ ಬಸ್ಸು ಬದಲಾಯಿಸಿ, ಆಟೋ ಹಿಡಿದು ಸೇರೋಷ್ಟರಲ್ಲಿ ಅರ್ಧ ದಿನ ಹೋಗಿರ್ತದೆ. ಅಲ್ಲಿ ರೆಫರಲ್ ಚೀಟಿ ತಗೊಂಡು ಬೆಂಗಳೂರಿನ ಆಸ್ಪತ್ರೆಗೆ ಇನ್ನೊಂದು ದಿನ. ಬರೆದ ಮಾತ್ರೆ ಇಲ್ಲ ಅಂದ್ರೆ ಮತ್ತೊಂದು ದಿನ. ಇದು ಬರೀ ನಮ್ಮ ಗೊಣಗಾಟ ಅಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯೋರು 2015ರಲ್ಲಿ ಇಸಿಎಚ್‌ಎಸ್ ಮೇಲೇ ಒಂದು ವರದಿ ಕೊಟ್ಟು, ಔಷಧಿ ಕೊರತೆ, ಬಿಲ್ಲು ಪಾಸಾಗೋದು ತಡ ಅನ್ನೋದನ್ನೆಲ್ಲ ಬರೆದ್ರು. ಸರ್ಕಾರ ಬಾಕಿ ಇಟ್ರೆ ಆಸ್ಪತ್ರೆಯೋರು "ಈಗ ಈ ಕಾರ್ಡು ತಗೊಳ್ತಿಲ್ಲ" ಅಂತಾರೆ, ಬೈಸ್ಕೊಳ್ಳೋದು ಕೌಂಟರಿನ ಈಚೆ ಕಡೆ ನಿಂತಿರೋ ನಾವು. ನಮಗೆ ಗೊತ್ತಿರೋ ಒಬ್ಬ ಅಕ್ಕ ಹಂಗೇ ಒಂದು ಕಡೆ ವಾಪಸ್ ಕಳಿಸಿದ್ರು ಅಂತ ಓಲೆ ಅಡ ಇಟ್ಟು ಆಪರೇಷನ್ ಮಾಡಿಸಿದ್ರು. ಆ ಓಲೆ ಬಿಡಿಸ್ಕೊಳ್ಳೋಕೆ ಒಂದು ಮಾವಿನ ಫಸಲು ಪೂರ್ತಿ ಹೋಯ್ತು. ಇಷ್ಟು ದಿನದೊಳಗೆ ಬಿಲ್ಲು ಕೊಡಬೇಕು, ತಡ ಆದ್ರೆ ಬಡ್ಡಿ ಸೇರಿಸಿ ಕೊಡಬೇಕು ಅಂತ ಕಾಯ್ದೆಯಲ್ಲಿ ಇದ್ರೆ, ಆ ಬಡ್ಡಿ ಸರ್ಕಾರ ಕಟ್ತಿತ್ತು, ಅವರು ಕಟ್ತಿರಲಿಲ್ಲ.

ಇದಕ್ಕೆ ಎದುರು ಮಾತು ಎರಡು ಕೇಳಿದೀನಿ. ಒಂದು, "ಕಾನೂನು ಮಾಡಿಬಿಟ್ರೆ ಡಾಕ್ಟರು ಆಕಾಶದಿಂದ ಇಳೀತಾರಾ?" ಇಳಿಯಲ್ಲ. ಕಾಯ್ದೆ ಇದ್ದೂ ಜಾರಿ ಆಗದೆ ಇರೋದು ನಮ್ಮ ದೇಶದಲ್ಲಿ ಬೇಕಾದಷ್ಟು ಅವೆ. ಆದ್ರೆ ಕಾಯ್ದೆ ಇದ್ರೆ ಕೇಳೋಕೆ ಒಂದು ಆಧಾರ ಇರ್ತದೆ. ಪಡಿತರ ಅಂಗಡೀಲಿ ನಾವು ಈಗ ಗಟ್ಟಿಯಾಗಿ ಕೇಳೋದು ಯಾಕೆ? 2013ರಲ್ಲಿ ಆಹಾರ ಭದ್ರತೆ ಕಾಯ್ದೆ ಆಯ್ತು, ಇಷ್ಟು ಕಿಲೋ ನಮ್ಮದು ಅಂತ ಗೊತ್ತಾಯ್ತು. ತೂಕದಲ್ಲಿ ಈಗಲೂ ಮೋಸ ಮಾಡೋರು ಅವ್ರೆ, ಆದ್ರೆ ಮೋಸ ಅಂತ ಹೇಳೋಕೆ ನಮಗೆ ಈಗ ಧೈರ್ಯ ಅದೆ.

ಎರಡನೇದು ಇನ್ನೂ ಭಾರವಾದ ಮಾತು. "ಮಿಲ್ಟ್ರಿಯೋರಿಗೇ ಯಾಕಮ್ಮ? ಟೊಮೇಟೊ ಮಂಡೀಲಿ ಕ್ರೇಟು ಹೊತ್ತು ಬೆನ್ನು ಮುರ್ಕೊಂಡೋರು ಮನುಷ್ಯರಲ್ಲವಾ? ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡೋರು?" ಈ ಮಾತು ಸುಳ್ಳಲ್ಲ. ಎಲ್ಲರಿಗೂ ಬೇಕು. ನಾನು ಹೇಳೋದು, ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಹಾಕಿ ಅಂತಲ್ಲ. ಹುಡುಗನನ್ನ ಕರ್ಕೊಂಡು ಹೋಗೋವಾಗ ತೂಕ ನೋಡಿ, ಎದೆ ಅಳೆದು, ಹಲ್ಲು ಎಣಿಸಿ, ಎಲ್ಲ ಸರಿ ಇದ್ರೇನೇ ತಗೊಳ್ತಾರೆ. ಅಷ್ಟು ನೋಡಿ ತಗೊಂಡೋರು ವಾಪಸ್ ಕಳಿಸೋವಾಗ ಏನು ಕೆಟ್ಟಿದೆ ಅಂತ ನೋಡಿ, ಅದರ ಜವಾಬ್ದಾರಿ ಹೊತ್ಕೊಂಡು ಕಳಿಸಬೇಕು. ತಗೊಂಡೋರು ಇಂತಹೋರು ಅಂತ ಇಲ್ಲಿ ಬೆರಳಿಟ್ಟು ತೋರಿಸಬಹುದು, ಅದಕ್ಕೇ ಮೊದಲು ಇಲ್ಲಿ ಕೇಳೋಣ ಅಂತೀನಿ. ಇಲ್ಲಿ ಒಂದು ಸಲ ಬರೆದಿಟ್ರೆ ಮಂಡಿಯೋರಿಗೂ ಕೇಳೋಕೆ ದಾರಿ ಆಗ್ತದೆ.

ಹಂಗಾದ್ರೆ ಕಾಯ್ದೆಯಲ್ಲಿ ಏನಿರಬೇಕು? ನನ್ನ ಲೆಕ್ಕದಲ್ಲಿ ಐದು. ಚಿಕಿತ್ಸೆ ಹಕ್ಕು ಅಂತ ಬರೀಬೇಕು, ಕೇಳೋಕೆ ಹತ್ತಿರದಲ್ಲೇ ಒಂದು ಜಾಗ ಇರಬೇಕು. ನಾಲ್ಕು ವರ್ಷ ಇದ್ದು ಬಂದೋರಿಗೂ, ಸೇವೆಯಿಂದ ಬಂದ ಕಾಯಿಲೆ ಗಾಯಕ್ಕೆ ಬದುಕಿರೋವರೆಗೂ ಚಿಕಿತ್ಸೆ ಇರಬೇಕು, ಮನೆಗೆ ಕಳಿಸೋ ದಿನ ಪೂರ್ತಿ ತಪಾಸಣೆ ಮಾಡಿ ಅದರ ಕಾಗದ ಕೈಗೆ ಕೊಡಬೇಕು. ನೋಡ್ಕೊಳ್ಳೋ ಹೆಂಗಸನ್ನ ನೋಡ್ಕೊಳ್ಳೋಳು ಅಂತಲೇ ಗುರುತಿಸಬೇಕು. ಬಿಲ್ಲಿಗೆ ಗಡುವು, ತಡಕ್ಕೆ ಬಡ್ಡಿ ಇರಬೇಕು. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲಿನಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನವಾದ್ರೂ ಈ ಕಾರ್ಡಿಗೆ ಮಾತ್ರೆ ಸಿಗೋ ಹಂಗೆ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಆಗಬೇಕು. ಸೈನ್ಯ ಕೇಂದ್ರದ ವಿಷಯ, ಅದಕ್ಕೇ ಇದನ್ನ ಎಂಎಲ್‌ಎ ಹತ್ರ ಕೇಳಿ ಉಪಯೋಗ ಇಲ್ಲ, ಲೋಕಸಭೆ ಸದಸ್ಯರನ್ನ ಕೇಳಬೇಕು. ನಮ್ಮ ತಾಲ್ಲೂಕುಗಳೆಲ್ಲ ಕೋಲಾರ ಲೋಕಸಭಾ ಕ್ಷೇತ್ರದೊಳಗೇ ಬರ್ತಾವೆ. ಮಂತ್ರಿ ಅಲ್ಲದ ಸದಸ್ಯರೂ ಸ್ವಂತವಾಗಿ ಮಸೂದೆ ತರಬಹುದು. ಅದು ಪಾಸಾಗೋದು ಕಷ್ಟ, ಆದ್ರೆ ಪ್ರಶ್ನೆ ಕೇಳಿದ್ರೆ ಉತ್ತರ ದಾಖಲೆ ಆಗ್ತದೆ.

ಕಾಯ್ದೆ ಬರೋವರೆಗೆ ಕೈಲಿರೋದನ್ನ ಜೋಪಾನ ಮಾಡ್ಕೊಳ್ಳಿ. ಡಿಸ್ಚಾರ್ಜ್ ಬುಕ್ಕಿನಲ್ಲಿ, ಪಿಂಚಣಿ ಆದೇಶದಲ್ಲಿ, ಆಧಾರಿನಲ್ಲಿ ನಿಮ್ಮ ಹೆಸರು ಒಂದೇ ಥರ ಅದೆಯಾ ನೋಡಿ. ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಮ್ಮ ಅಂತಿದ್ರೆ ಗಂಡ ಇರೋವಾಗಲೇ ಸರಿ ಮಾಡಿಸ್ಕೊಳ್ಳಿ, ಆಮೇಲೆ ಓಡಾಡೋದು ನೀವೊಬ್ಬರೇ. ತುರ್ತು ಆದ್ರೆ ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೇ ಹೋಗಿ. ಅದು ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆ ಆದ್ರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಿ, ಒಂದು ಚೀಟಿಯನ್ನೂ ಎಸೀಬೇಡಿ. ದುಡ್ಡು ಸರ್ಕಾರಿ ದರದ ಪ್ರಕಾರ ವಾಪಸ್ ಬರ್ತದೆ, ಪೂರ್ತಿ ಬರಲ್ಲ, ಅದು ಗೊತ್ತಿರಲಿ. 70 ದಾಟಿದೋರಿಗೆ 5 ಲಕ್ಷದ ಆಯುಷ್ಮಾನ್ ಕಾರ್ಡು ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಶುರು ಮಾಡ್ತಲ್ಲ, ಇಸಿಎಚ್‌ಎಸ್ ಇರೋರು ಎರಡರಲ್ಲಿ ಒಂದನ್ನ ಮಾತ್ರ ಇಟ್ಕೋಬಹುದು. ಐದು ಲಕ್ಷ ಅಂತ ಕೇಳಿ ಯಾರಾದ್ರೂ ಅರ್ಜಿ ತುಂಬಿಸೋಕೆ ಬಂದ್ರೆ, ಗೆರೆ ಇಲ್ಲದ ಕಾರ್ಡು ಬಿಟ್ಟು ಗೆರೆ ಇರೋ ಕಾರ್ಡಿಗೆ ಹೋಗೋ ಮುಂಚೆ ಎರಡು ಸಲ ಯೋಚನೆ ಮಾಡಿ.

ಮಗ ಅಗ್ನಿವೀರ ಆಗಿರೋ ಅಮ್ಮಂದಿರು, ಅವನು ರಜಕ್ಕೆ ಬಂದಾಗ ಆಸ್ಪತ್ರೆ ಕಾಗದ ಏನಿದ್ರೂ ಒಂದು ಜೆರಾಕ್ಸ್ ಮಾಡಿಸಿ ಮನೇಲಿ ಇಡಿ. ಕಾಲು ಉಳುಕಿದ್ದು, ಜ್ವರ ಬಂದಿದ್ದು, ಯಾವುದೂ ಸಣ್ಣದಲ್ಲ. ನಾಳೆ ಕೇಳೋಕೆ ಒಂದು ಕಾನೂನು ಬಂದ್ರೆ, ತೋರಿಸೋಕೆ ಕಾಗದ ಬೇಕಾಗ್ತದೆ.